ಹುಡುಕೋರು ಯಾವ ಮಾತಲ್ಲಿ ಹುಡುಕ್ತಾರೆ

ನಮ್ಮ ಮಗಳು ಎಂತ ಕೆಲಸ ಮಾಡ್ತಾಳೆ ಅಂತ ಓಲ್ಡ್ ಟೌನಿನಲ್ಲಿ ಯಾರಾದ್ರೂ ಕೇಳಿದ್ರೆ ಉತ್ತರ ಹೇಳೋಕೆ ನಂಗೆ ಐದು ನಿಮಿಷ ಬೇಕು. ಎಸ್‌ಇಒ ಅಂದಿದ್ದಕ್ಕೆ ಪಕ್ಕದ ಮನೆ ಅಜ್ಜಿ, "ಓ, ಎಸ್‌ಐ ಆದ್ಲಾ? ಹಂಗಾರೆ ಮನೆಗೆ ಜೀಪು ಬರತ್ತಾ?" ಅಂದ್ರು. ಸರ್ಚ್ ಎಂಜಿನ್ ಆಪ್ಟಿಮೈಸೇಶನ್ ಅಂತ ಪೂರ್ತಿ ಬಿಡಿಸಿ ಹೇಳಿದ್ರೆ ಇನ್ನೂ ಕಷ್ಟ. ಅದಕ್ಕೇ ನಾನು ಹೇಳೋದು ಇಷ್ಟೇ: ಜನ ಗೂಗಲ್‌ನಲ್ಲಿ ಏನಾದ್ರೂ ಹುಡುಕಿದಾಗ ಇವಳಿಗೆ ಕೆಲಸ ಕೊಟ್ಟೋರ ಪುಟ ಮೇಲುಗಡೆ ಕಾಣೋ ಹಂಗೆ ಮಾಡ್ತಾಳೆ. ದುಡ್ಡು ಕೊಟ್ಟು ಹಾಕಿಸೋ ಜಾಹೀರಾತು ಅಲ್ಲ, ಅದು ಬೇರೆ.

ನಮ್ಮ ಭದ್ರಾವತಿಯಲ್ಲಿ ಕೆಲಸ ಅಂದ್ರೆ ಕೈಗೆ ಮಸಿ ಹತ್ತಬೇಕು. ಹಿಂದೆ ಬೆಂಕಿಪುರ ಅಂತಿದ್ದ ಊರು ಇದು. 1923ರಲ್ಲಿ ಇಲ್ಲಿ ಕಬ್ಬಿಣ ಕರಗೋಕೆ ಶುರುವಾದ ಮೇಲೆ ಸೈರನ್ನೇ ಗಡಿಯಾರ. ನಮ್ಮನೆಯವರು ಒಂದು ಸಣ್ಣ ಶೆಡ್ಡಿನಲ್ಲಿ ಲೇತ್ ಮೇಲೆ ದುಡಿದೋರು. ಆ ಶೆಡ್ಡು ಮುಚ್ಚಿದ ಮೇಲೆ ಎರಡು ವರ್ಷ ಮನೆ ಹೆಂಗೆ ನಡೀತು ಅನ್ನೋದನ್ನ ಇಲ್ಲಿ ಬರೆಯೋಲ್ಲ. ಮಗಳು ಬಿ.ಕಾಂ ಮುಗಿಸಿ ಬೆಂಗಳೂರಿಗೆ ಹೋದೋಳು 2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡ್ಕೊಂಡು ವಾಪಸ್ ಬಂದ್ಲು. ಆಮೇಲೆ ಇಲ್ಲೇ ಉಳಿದಳು. ಅಡುಗೆಮನೆ ಪಕ್ಕದ ಚಿಕ್ಕ ಕೋಣೆಯೇ ಈಗ ಆಫೀಸು.

ಗೂಗಲ್ ಹೆಂಗೆ ಯಾರನ್ನ ಮೇಲೆ ಕೂರಿಸುತ್ತೆ ಅಂತ ಅವಳು ನಂಗೆ ಹೇಳಿಕೊಟ್ಟಿದ್ದು ಈರುಳ್ಳಿ ಹೆಚ್ತಾ. 1998ರಲ್ಲಿ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಅನ್ನೋ ಇಬ್ಬರು ಹುಡುಗರು ಆ ಕಂಪನಿ ಶುರು ಮಾಡಿದಾಗ ಅವರ ಮೂಲ ಲೆಕ್ಕ ಇದ್ದಿದ್ದು ಹೀಗಂತೆ: ಒಂದು ಪುಟಕ್ಕೆ ಬೇರೆ ಪುಟಗಳು ಎಷ್ಟು ಕೊಂಡಿ ಹಾಕಿವೆ, ಹಾಕಿದೋರು ಎಂಥವರು. ನಂಗೆ ತಕ್ಷಣ ತಿಳೀತು. ಮದುವೆಗೆ ಅಡುಗೆ ಭಟ್ಟರನ್ನ ನಾವು ಹುಡುಕೋದೂ ಹಂಗೇ ಅಲ್ವಾ? ಹತ್ತು ಜನ ಹೇಳಿದ್ರೆ ಒಂದು ತೂಕ, ಊಟದ ವಿಷಯದಲ್ಲಿ ಕೊಂಕು ತೆಗೆಯೋ ನಮ್ಮ ದೊಡ್ಡತ್ತೆ ಒಬ್ಬರೇ "ಪರವಾಗಿಲ್ಲ" ಅಂದ್ರೆ ಅದಕ್ಕಿಂತ ಹೆಚ್ಚು ತೂಕ. ಈಗ ಲೆಕ್ಕ ಬಹಳ ಬೆಳೆದಿದೆ, ಆದ್ರೆ ಬುಡ ಅದೇ. ಕೆಲವರು ಒಂದೇ ಪದವನ್ನ ಪುಟದ ತುಂಬಾ ತುರುಕ್ತಾರಂತೆ, ಬಿಳಿ ಹಿನ್ನೆಲೆ ಮೇಲೆ ಬಿಳಿ ಅಕ್ಷರದಲ್ಲೂ ಬಚ್ಚಿಡ್ತಾರಂತೆ. ಗೊತ್ತಾದ್ರೆ ಗೂಗಲ್ ಅಂಥವರನ್ನ ಕೆಳಗೆ ತಳ್ಳುತ್ತೆ. ಇಂಗು ಜಾಸ್ತಿಯಾದ ಸಾರು ಯಾರಿಗೆ ಬೇಕು.

ಕೆಲಸದ ರುಚಿ ನಂಗೆ ಹತ್ತಿದ್ದು ಮಿಡಿ ಉಪ್ಪಿನಕಾಯಿಯಿಂದ. ಸಾಗರದ ಕಡೆಯೋರು ಒಬ್ಬರು ಮನೇಲೇ ಹಾಕಿ ಮಾರ್ತಾರೆ. ಅವರ ಪುಟದಲ್ಲಿ ಯಾರೋ ಬರೆದುಕೊಟ್ಟಿದ್ದು "ಟೆಂಡರ್ ಮ್ಯಾಂಗೋ ಪಿಕಲ್". ನಾನಂದೆ, "ಹಂಗೆ ಯಾರು ಕೇಳ್ತಾರೆ ಪುಟ್ಟಿ? ಅಪ್ಪೆಮಿಡಿ ಅಂತಾರೆ, ಜೀರಿಗೆ ಮಿಡಿ ಅಂತಾರೆ, ಬರೀ ಮಿಡಿ ಅಂತಾರೆ." ಅವಳು ಪೆನ್ನು ತಗೊಂಡು ಕೂತ್ಲು. ಹುಡುಕೋರು ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾರೆ, ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ವಯಸ್ಸಾದೋರು ಮೈಕು ಒತ್ತಿ ಮಾತಾಡ್ತಾರೆ. ಅದನ್ನೆಲ್ಲ ಇವಳು ಪಟ್ಟಿ ಮಾಡಬೇಕು.

ಪುಟ ಇರೋರಿಗೆ ಗೂಗಲ್ ಸರ್ಚ್ ಕನ್ಸೋಲ್ ಅಂತ ಒಂದು ಕೊಡುತ್ತೆ. ಜನ ಯಾವ ಪದ ಒತ್ತಿದಾಗ ನಿಮ್ಮ ಪುಟ ಕಾಣಿಸ್ತು ಅಂತ ಅದರಲ್ಲಿ ಇರುತ್ತೆ. ಕೇಳಿದೋರ ಹೆಸರಿಲ್ಲ, ಬರೀ ಮಾತು. ಮಿಡಿ ಯಾಕೆ ಮೆತ್ತಗಾಯ್ತು. ಬೂಷ್ಟು ಬಂದ್ರೆ ಎಸೀಬೇಕಾ. ಅತ್ತೆ ಇಲ್ಲದ ಮನೆಯ ಹುಡುಗಿಯರು ರಾತ್ರಿ ಹೊತ್ತು ಕೇಳೋ ಪ್ರಶ್ನೆ ಇವು ಅನ್ನಿಸ್ತು. ನಾನು ಹೇಳ್ತಾ ಹೋದೆ, ಅವಳು ಬರೆದುಕೊಂಡ್ಲು: ತೊಟ್ಟು ಸ್ವಲ್ಪ ಉಳಿಸಿಕೊಂಡೇ ಮುರೀಬೇಕು, ಸೊನೆ ಹೋದ್ರೆ ಪರಿಮಳ ಹೋಯ್ತು. ಕಲ್ಲುಪ್ಪಿನಲ್ಲಿ ಮಿಡಿ ಸುಕ್ಕಾಗೋ ತನಕ ಬಿಡಬೇಕು. ಮಸಾಲೆ ರುಬ್ಬೋಕೆ ಆ ಉಪ್ಪುನೀರನ್ನೇ ಕುದಿಸಿ ಆರಿಸಿ ಹಾಕಬೇಕು, ಹಸಿನೀರು ಒಂದು ಹನಿ ತಾಗಬಾರದು. ನಾಲ್ಕನೇ ತಿಂಗಳಿಗೆ ಅವರ ಪುಟ ಮೊದಲ ಪುಟದಲ್ಲಿ ಕಂಡಿತು. ಮಗಳು ಅಡುಗೆಮನೆಗೆ ಓಡಿ ಬಂದು ಫೋನು ತೋರಿಸಿದಾಗ ಅವಳ ಮುಖ ನೋಡಬೇಕಿತ್ತು. ಪಿಯುಸಿ ಫಲಿತಾಂಶಕ್ಕೂ ಅವಳು ಹಂಗೆ ಕುಣಿದೋಳಲ್ಲ.

ಈಗ ಹೊಸ ಕಂಟಕ. 2024ರಿಂದ ಗೂಗಲ್ ತಾನೇ ಎಐ ಕೈಲಿ ಉತ್ತರ ಬರೆಸಿ ಮೇಲುಗಡೆ ಹಾಕೋಕೆ ಶುರು ಮಾಡಿದೆ. ಉತ್ತರ ಅಲ್ಲೇ ಸಿಕ್ಕಿದ್ರೆ ಕೆಳಗಿನ ಪುಟ ಒತ್ತೋರು ಯಾರು? ಹೋದ ವರ್ಷ ಇಬ್ಬರು "ಸದ್ಯಕ್ಕೆ ಬೇಡ ಮೇಡಂ" ಅಂತ ಕೆಲಸ ನಿಲ್ಲಿಸಿದ್ರು. ಆ ದಿನ ನಮ್ಮನೆಯವರು ಊಟಕ್ಕೆ ಕೂತೋರು ಅನ್ನ ಕಲಸ್ತಾನೇ ಇದ್ರು, ತಿನ್ನಲಿಲ್ಲ. "ಲೇತೂ ಹಂಗೇ ನಿಂತಿದ್ದು ಕಣೇ," ಅಂದ್ರು. ಬೆಳಿಗ್ಗೆ ಎದ್ದು ಬ್ಯಾಂಕ್ ಪರೀಕ್ಷೆ ಪುಸ್ತಕ ತಂದು ಅವಳ ಮೇಜಿನ ಮೇಲಿಟ್ರು.

ಮಗಳು ಪುಸ್ತಕ ತೆಗೆದುಹಾಕಲಿಲ್ಲ. ದಿನಾ ಒಂದು ತಾಸು ಓದ್ತಾಳೆ, ಅಪ್ಪನಿಗೋಸ್ಕರವೋ ತನಗೋಸ್ಕರವೋ ನಾನು ಕೇಳಿಲ್ಲ. ಆದ್ರೆ ಒಂದು ಮಾತು ಹೇಳಿದ್ಲು: "ಅಪ್ಪ, ಆ ಎಐ ಉತ್ತರ ಎಲ್ಲಿಂದ ಹೆಕ್ಕುತ್ತೆ? ಯಾರೋ ಬರೆದಿದ್ದರಿಂದ ತಾನೆ. ಕನ್ನಡದಲ್ಲಿ ಸರಿಯಾಗಿ ಬರೆದಿಟ್ಟೋರೇ ಕಮ್ಮಿ." ಎಷ್ಟೋ ಹಳೇ ಕನ್ನಡ ಪುಟಗಳು ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಇದ್ವಂತೆ. ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಬರೆದೂ ಕಳೆದುಹೋದವು. ಅದನ್ನ ಹೇಳುವಾಗ ಅವಳಿಗೆ ನಿಜವಾಗಿ ಹೊಟ್ಟೆ ಉರಿಯುತ್ತೆ. ಆ ಉರಿ ಇರೋ ಕೆಲಸ ಬಿಡು ಅಂತ ತಾಯಿಯಾಗಿ ನಾನು ಹೇಳಲಾರೆ, ಸಂಬಳದ ಚಿಂತೆ ನಂಗೂ ಇದೆ.

ನಮ್ಮನೆಯವರು ಬಾಯಲ್ಲಿ ಒಪ್ಪಿಲ್ಲ. ಮೊನ್ನೆ ಮಾತ್ರ ಕೋಣೆ ಬಾಗಿಲಲ್ಲಿ ನಿಂತು, "ಲೇತ್ ಆಪರೇಟರ್ ಅಂತ ಹುಡುಕಿದ್ರೆ ಶಿವಮೊಗ್ಗ ಕಡೆ ಯಾರದು ಬರುತ್ತೆ ನೋಡು," ಅಂದ್ರು.

ಈ ವಾರ ಹಲಸಿನಕಾಯಿ ಹಪ್ಪಳದೋರು ಬಂದಿದ್ದಾರೆ. ಹಪ್ಪಳ ಒಣಗೋ ಮೊದಲು ತಿನ್ನೋ ಹಸಿ ಹಿಟ್ಟಿನ ಉಂಡೆಗೆ ತೀರ್ಥಹಳ್ಳಿ ಕಡೆ ಬೇರೆ ಏನೋ ಹೆಸರಿರಬೇಕು ಅಂತ ಪುಟ್ಟಿ ಕೇಳ್ತಾ ಇದಾಳೆ. ನಾದಿನಿಗೆ ಫೋನ್ ಮಾಡ್ಬೇಕು. ಅವಳು ಮಧ್ಯಾಹ್ನ ಮಲಗೋ ಮೊದಲೇ ಮಾಡ್ಬೇಕು, ಇಲ್ದಿದ್ರೆ ಸಿಕ್ಕೋದು ರಾತ್ರಿ ಧಾರಾವಾಹಿ ಮುಗಿದ ಮೇಲೆ.