ಪುಷ್ಕರಣಿಯ ಮುದುಕ

ಪ್ರೀತಿಯ ಅಳಿಯ,

ನಿಮ್ಮವ್ವನ ಮಂಡಿನೋವು ಈಗ ಎಷ್ಟೋ ವಾಸಿ, ಮೊನ್ನೆ ನ್ಯಾಮತಿಗೆ ಒಬ್ಬಳೇ ಹೋಗಿಬಂದಳು. ಹೊಳೆ ಕೆಂಪಗೆ ತುಂಬಿ ಹರೀತಿದೆ. ಚನ್ನಗಿರಿ ಕಡೆ ಅಡಿಕೆ ಕೊಯ್ಲು ಶುರುವಾಗಿದೆ. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜು ಬಿಟ್ಟರೆ ಕೆಲಸ ಕಡಿಮೆ. ಮದುವೆಗಳಿಗೆಲ್ಲ ಹುಡುಗರು ಡ್ರೋನ್ ಹಿಡಿದು ಬರ್ತಾರೆ.

ಸಂತೇಬೆನ್ನೂರು ಪುಷ್ಕರಣಿಯ ನಿನ್ನ ಫೋಟೋ ಸ್ಪರ್ಧೆಯಲ್ಲಿ ಬಿದ್ದುಹೋಯ್ತು ಅಂತ ಬರೆದಿದ್ದೀಯ. ತೀರ್ಪುಗಾರರಲ್ಲಿ ಒಬ್ಬರು ಮೆಚ್ಚಿದರು, ಇನ್ನಿಬ್ಬರು ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತ ಮುದುಕ ಮಂಟಪದ ಅಂದ ಕೆಡಿಸಿದ ಅಂದರಂತೆ. ಅಲ್ಲ ಕಣೋ, ವಸಂತ ಮಂಟಪವನ್ನು ನಡುವಿಗಿಟ್ಟು ನೀರಲ್ಲಿ ತಲೆಕೆಳಗಾಗಿ ತೋರಿಸುವ ಚಿತ್ರ ನೂರು ಜನ ತೆಗೆದಿದ್ದಾರೆ. ಚೆಂದವೇ, ಇಲ್ಲ ಅನ್ನಲ್ಲ. ಆದರೆ ಅದರಲ್ಲಿ ಮುಕ್ಕಾಲು ಪಾಲು ಚೆಂದ ಕಟ್ಟಿದವರದು.

ನಿನ್ನ ಫೋಟೋ ಇಲ್ಲಿಯವರಿಗೂ ತೋರಿಸಿದೆ. 'ಮುಖಾನೇ ಕಾಣಲ್ಲ, ಇದೆಂಥ ಫೋಟೋ' ಅಂದಳು ನಿಮ್ಮತ್ತೆ. ಜಗಳೂರಿನ ನಮ್ಮ ಮೇಷ್ಟ್ರು ಮಂಟಪವನ್ನೂ ನೋಡಲಿಲ್ಲ, ಮುದುಕನನ್ನೂ ನೋಡಲಿಲ್ಲ, ನೀರನ್ನೇ ನೋಡುತ್ತಾ ಕೂತರು. ತುಂಗಭದ್ರೆಯ ನೀರಿಂದ 57 ಕೆರೆ ತುಂಬಿಸುವ ಯೋಜನೆಗೆ ವರ್ಷಗಟ್ಟಲೆ ಕಾದ ತಾಲ್ಲೂಕಿನವರು, ಅವರ ಕಣ್ಣು ಮತ್ತೆಲ್ಲಿಗೆ ಹೋದೀತು!

ಅದೇ ತಾಲ್ಲೂಕಿನ ರಂಗಯ್ಯನದುರ್ಗದ ಕಾಡಲ್ಲಿ ಕೊಂಡುಕುರಿ ಇದೆಯಲ್ಲ, ನಾಲ್ಕು ಕೊಂಬಿನದು, ಬಲು ನಾಚಿಕೆಯ ಪ್ರಾಣಿ. ಅದರ ಫೋಟೋ ತೆಗೆದಾಗ ಹಿಂದೆ ತಂತಿಬೇಲಿ ಬಂತು ಅನ್ನು. ಸ್ಪರ್ಧೆಯ ನಿಸರ್ಗ ವಿಭಾಗದವರು ಮನುಷ್ಯನ ಕುರುಹು ಬೇಡ ಅಂತ ಪಕ್ಕಕ್ಕಿಡ್ತಾರೆ. ಪತ್ರಿಕೆಯವರು ಆ ಬೇಲಿ ಇದೆ ಅಂತಲೇ ಅಚ್ಚು ಹಾಕ್ತಾರೆ. ನಮ್ಮವರಲ್ಲೇ ನೋಡು: ಟಿ.ಎನ್.ಎ. ಪೆರುಮಾಳ್ ಕಾಡಿನ ಪ್ರಾಣಿ ಪಕ್ಷಿಗಳ ಫೋಟೋಗೇ ಆಯುಷ್ಯ ಕೊಟ್ಟರು. 1977ರಲ್ಲಿ ಪದ್ಮಶ್ರೀ ಪಡೆದ ಮೈಸೂರಿನ ಟಿ.ಎಸ್. ಸತ್ಯನ್ ಕಪ್ಪು ಬಿಳುಪಿನಲ್ಲಿ ಬೀದಿಯ ಜನರನ್ನೂ ಮಕ್ಕಳನ್ನೂ ಹಿಡಿದರು. ಒಬ್ಬರ ಅಳತೆಗೋಲು ಇನ್ನೊಬ್ಬರಿಗೆ ಹಿಡಿದರೆ ಇಬ್ಬರೂ ಫೇಲು.

ನನ್ನ ಕಸುಬಲ್ಲಿ ದುಡ್ಡು ಕೊಟ್ಟವರೇ ತೀರ್ಪುಗಾರರು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಎಷ್ಟು ಜನರ ಸುಕ್ಕು ಅಳಿಸಿದೀನೋ! ಆದರೆ ತೀರಿಕೊಂಡವರ ಫೋಟೋ ದೊಡ್ಡದು ಮಾಡಿಸೋಕೆ ಬಂದವರು ಬೇರೆ ಥರ. ಫೋಕಸ್ ಚೊಕ್ಕವಾಗಿರೋದನ್ನ ತಳ್ಳಿ ಮಬ್ಬಾದದ್ದನ್ನೇ ಮುಂದಿಡ್ತಾರೆ. 'ಇದ್ರಾಗೆ ನಮ್ಮಪ್ಪ ನಮ್ಮಪ್ಪನಂಗೇ ಅದಾನೆ' ಅಂತಾರೆ. ಅವರಿಗೆ ನಾನೇನು ಹೇಳಲಿ? ಹಾರ ಹಾಕೋರು ಅವರು.

ಹಂಗಂತ ನಾನು ಪೂರ್ತಿ ನಿನ್ನ ಪರ ಅಂದ್ಕೋಬೇಡ. ಆಕಾಶ ಬೆಳ್ಳಗೆ ಸುಟ್ಟುಹೋಗಿದೆ. ಅದು ಅಭಿರುಚಿಯ ಮಾತಲ್ಲ, ನೀನು ಬೆಳಕು ಅಳೆಯಲಿಲ್ಲ ಅಷ್ಟೇ. ಅದನ್ನು ಯಾರು ಹೇಳಿದರೂ ಕೇಳು. ಮುದುಕನನ್ನು ಕತ್ತರಿಸು ಅಂದರೆ ಮಾತ್ರ ಕೇಳಬೇಡ. ಅವನಿದ್ದಾನೆ ಅಂತಲೇ ಆ ಕೊಳ ಎಷ್ಟು ದೊಡ್ಡದು ಅನ್ನೋದು ಗೊತ್ತಾಗುತ್ತೆ. ಒಂದು ಚಿಂತೆ ನನಗೆ: ಮುಂದಿನ ಸಲ ಆ ಇಬ್ಬರನ್ನು ಮೆಚ್ಚಿಸೋಕೆ ಅಂತಲೇ ಕ್ಯಾಮೆರಾ ಎತ್ತೀಯ.

ದೀಪಾವಳಿಗೆ ಬರುವಾಗ ಮೂಲ ಫೈಲ್ ತಾ, ಆಕಾಶ ಏನಾದ್ರೂ ಉಳಿಯುತ್ತಾ ನೋಡೋಣ. ಮುದುಕ ಈ ಕಡೆ ತಿರುಗಿದ್ದು ಇನ್ನೊಂದು ಇದ್ದರೆ ಅದನ್ನೂ ತಾ, ನಿಮ್ಮತ್ತೆ ಬಿಡ್ತಿಲ್ಲ.

ನಿನ್ನ ಮಾವ
ಹೊನ್ನಾಳಿ