ಹವಳದ ಗೋಳ

ಹರಿಹರದ ನಮ್ಮ ಸೋದರಮಾವನವರ ಒಂದು ಕಣ್ಣನ್ನು ದಾವಣಗೆರೆಯಲ್ಲಿ ತೆಗೆಸಬೇಕಾಗಿ ಬಂದಿತು. ಬರಿದಾದ ಗುಳಿಯಲ್ಲಿ ಗೋಳವೊಂದನ್ನಿರಿಸಿ, ಗಾಯ ಮಾಗಿದ ಬಳಿಕ ಎದುರಿಗೆ ಕೃತಕ ಕಣ್ಣು ಕೂಡಿಸುತ್ತಾರೆ. ದೃಷ್ಟಿ ಮರಳದು, ಮುಖದ ಆಕಾರ ಉಳಿಯುತ್ತದೆ. “ಆ ಗೋಳ ಯಾವುದರದು?” ಎಂದು ಮಾವನವರು ಕೇಳಿದರು. ಅಕ್ರಿಲಿಕ್ ಎಂದ ಮೇಲೆಯೇ ಒಪ್ಪಿಗೆಪತ್ರಕ್ಕೆ ರುಜು ಹಾಕಿದರು. ಮನೆಯ ಕೆಲವರಿಗೆ ಇದು ಅತಿಯೆನಿಸಿತು. ನನಗೆ ಹಾಗೆ ತೋರಲಿಲ್ಲ.

1885ರಲ್ಲಿ ಇಂಗ್ಲೆಂಡಿನ ಮ್ಯೂಲ್ಸ್ ಇರಿಸಿದ್ದು ಗಾಜಿನ ಗೋಳ. 1980ರ ದಶಕದಲ್ಲಿ ಸಮುದ್ರದ ಹವಳದಿಂದ ತಯಾರಾದ ಹೈಡ್ರಾಕ್ಸಿಅಪಟೈಟ್ ಬಂದಿತು. ಅದರ ರಂಧ್ರಗಳೊಳಗೆ ರಕ್ತನಾಳಗಳು ಬೆಳೆಯುತ್ತವೆ. ನಮ್ಮ ಶಾಸ್ತ್ರಗಳು ಹವಳವನ್ನು ಪೃಥ್ವೀಕಾಯದಲ್ಲಿ ಎಣಿಸಿವೆ. ಜೀವಶಾಸ್ತ್ರಕ್ಕೆ ಅದು ಪುಟ್ಟ ಪ್ರಾಣಿಗಳು ಕಟ್ಟಿದ ಅಸ್ಥಿ. ಹೇಗೆಣಿಸಿದರೂ ಅಲ್ಲಿ ಜೀವವುಂಟು. ಹವಳವಿಲ್ಲದೆ ಕೃತಕವಾಗಿಯೇ ತಯಾರಿಸಿದ ಹೈಡ್ರಾಕ್ಸಿಅಪಟೈಟ್ ಕೂಡ ಈಗ ಉಂಟು.