ಗುಲ್ಮಾರ್ಗಿಗೆ ಹಳೆಯ ಸ್ಕೀ ಒಯ್ಯುವ ಮುನ್ನ

ದೆಹಲಿಯಿಂದ ಗುಲ್ಮಾರ್ಗಿಗೆ ಹೊರಟಿದ್ದೀರಾ? ಯಾರೋ ಅಗ್ಗಕ್ಕೆ ಕೊಟ್ಟ ಹಳೆಯ ರೇಸ್ ಸ್ಕೀ ಜೊತೆಗಿದ್ದರೆ ಸ್ವಲ್ಪ ನಿಲ್ಲಿ. 1980ರ ದಶಕದ ಜೈಂಟ್ ಸ್ಲಾಲಂ ಸ್ಕೀ ಎರಡು ಮೀಟರಿಗೂ ಉದ್ದ, ನೇರ, ಸುಲಭಕ್ಕೆ ಬಳುಕದು. ವೇಗವಿಲ್ಲದೆ ತಿರುಗದು. ಗೊಂಡೋಲಾ ಸುಮಾರು 3,900 ಮೀಟರ್ ಎತ್ತರಕ್ಕೆ ಒಯ್ಯುವ ಅಫರ್ವತ್‌ನಲ್ಲಿ, ಹೊಸದಾಗಿ ಬಿದ್ದ ಮೆತ್ತನೆಯ ಹಿಮದಲ್ಲಿ, ಈ ಕಿರಿದಾದ ಹಲಗೆ ಹೂತೇ ಹೋಗುತ್ತದೆ. ಕೆಳಗೆ, ಹದಮಾಡಿದ ಗಟ್ಟಿ ಇಳಿಜಾರಿನಲ್ಲಿ, ಬೆಳಗಿನ ಹೊತ್ತು ಹಳಿಯ ಮೇಲಿನ ರೈಲಿನಂತೆ ಓಡುತ್ತದೆ. ಆ ಸುಖವೇ ಬೇರೆ ಬಿಡಿ!

ಹೆಚ್ಚಿನ ಅಪಾಯ ಇರುವುದು ಬೈಂಡಿಂಗಿನಲ್ಲಿ. ಬಿದ್ದಾಗ ಬೂಟನ್ನು ಬಿಡಬೇಕಾದದ್ದು ಅದು. ರೇಸಿನ ಕೆಲವು ಬೈಂಡಿಂಗುಗಳನ್ನು ನಿಮ್ಮ ತೂಕಕ್ಕೆ ತಕ್ಕಷ್ಟು ಸಡಿಲಿಸಲೂ ಆಗದು. ವರ್ಷಗಳಾದಂತೆ ಪ್ಲಾಸ್ಟಿಕ್ಕೂ ಪೆಡಸಾಗುತ್ತದೆ. ಅದು ಬಿಡದಿದ್ದರೆ ಮುರಿಯುವುದು ನಿಮ್ಮ ಕಾಲು. ಬಲ್ಲವರಿಂದ ಪರೀಕ್ಷೆ ಮಾಡಿಸಿ. ಅನುಮಾನವಿದ್ದರೆ ಅಲ್ಲೇ ಬಾಡಿಗೆಗೆ ಪಡೆಯಿರಿ, ಹಳೆಯದು ಮನೆಯ ಗೋಡೆಯ ಮೇಲಿರಲಿ.